ಕಡಲಲ್ಲಿ ಮುಳುಗದ ಪಾದ್ರಿ

ನನ್ನ ಅತ್ತೆಗೆ ಕಣ್ಣಿನ ನಡುಭಾಗದ ನೋಟ ಮೊದಲು ಹೋಯಿತು. ಅಂಚಿನಲ್ಲಿದ್ದದ್ದು ಕಾಣುತ್ತಿತ್ತು, ನೇರ ಎದುರಿಗಿದ್ದದ್ದು ಕಾಣುತ್ತಿರಲಿಲ್ಲ. ನನ್ನ ಮುಖ ನೋಡಬೇಕೆಂದರೆ ನನ್ನ ಕಿವಿಯತ್ತ ನೋಡುತ್ತಿದ್ದರು. ಒಂದು ಶನಿವಾರ ಹ್ಯೂಸ್ಟನ್ನಿನ ಮನೆಯ ಅಡುಗೆಮನೆಯಲ್ಲಿ, ಕಿಟಕಿಯ ಬೆಳಕಿಗೆ ಭೂತಗನ್ನಡಿ ಹಿಡಿದು ಕೈಬರಹದ ಒಂದು ಹಳೆಯ ಕಿರುಪುಸ್ತಕದ ಜೊತೆ ಒಂದು ಗಂಟೆ ಹೆಣಗಿ, ಕೊನೆಗೆ ಅದನ್ನು ನನ್ನ ಮುಂದೆ ತಳ್ಳಿದರು.

"ನೀ ಓದು ನೋಡೂಣು. ಡಾಕ್ಟರ್ ಮಂದಿ ಅಕ್ಷರಾ ಓದಿ ಓದಿ ನಿನಗ ರೂಢಿ ಐತಲ್ಲ."

ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಅವರು ಹ್ಯೂಸ್ಟನ್ನಿನಲ್ಲೇ ಹುಟ್ಟಿ ಬೆಳೆದ ಬಿಳಿಯ ಹೆಂಗಸು, ನಿವೃತ್ತ ಶಾಲಾ ಟೀಚರು. ಆದರೆ ಎಳೆದೆಳೆದು ಆಡುವ ಅವರ ಮಾತು ಮೊದಲ ದಿನದಿಂದಲೂ ನನ್ನ ಕಿವಿಗೆ ನಮ್ಮ ಹುಬ್ಬಳ್ಳಿಯ ಹಿರಿಯ ಹೆಂಗಸರ ಮಾತಿನ ಹಾಗೆಯೇ ಕೇಳಿಸಿದೆ. ಹಾಗಾಗಿ ಇಲ್ಲಿ ಅವರ ಮಾತನ್ನೂ ಅವರ ಮನೆಯವರ ಮಾತನ್ನೂ ಹಾಗೇ ಬರೆಯುತ್ತೇನೆ. ಅತ್ತೆಯನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. "ಅತ್ತಿ" ಎಂದೆ. ಅವರಿಗೆ ಅದು ಮುದ್ದಿನ ಹೆಸರಿನಂತೆ ಕೇಳಿಸಿತಂತೆ. ಈಗ ಅವರ ನೆರೆಯವರೂ ಅವರನ್ನು ಅತ್ತಿ ಎಂದೇ ಕರೆಯುತ್ತಾರೆ.

ಅಕ್ಷರದ ವಿಷಯ ನಿಜ. ನಾನು ಹುಬ್ಬಳ್ಳಿಯಲ್ಲಿ ಸೋದರಮಾವನ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ಬೆಳೆದವಳು. ಹತ್ತನೆಯ ವಯಸ್ಸಿಗೆ ಊರಿನ ಯಾವ ಡಾಕ್ಟರರ ಚೀಟಿ ಯಾವುದೆಂದು ದೂರದಿಂದಲೇ ಹೇಳುತ್ತಿದ್ದೆ. ಆಮೇಲೆ ಅದೇ ಓದು ಓದಿ, ಇಲ್ಲಿಗೆ ಬಂದು, ಇಲ್ಲಿನ ಪರೀಕ್ಷೆ ಪಾಸು ಮಾಡಿ, ಡಲ್ಲಾಸ್ ಪಕ್ಕದ ಇರ್ವಿಂಗಿನಲ್ಲಿ ಫಾರ್ಮಸಿಸ್ಟ್ ಆದೆ. ಈಗ ಚೀಟಿಗಳೆಲ್ಲ ಕಂಪ್ಯೂಟರಿನಲ್ಲೇ ಬರುತ್ತವೆ. ಆದರೆ ಕಣ್ಣು ಕಲಿತದ್ದನ್ನು ಮರೆಯುವುದಿಲ್ಲ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ನಾನು ಒಂದು ಕಡೆ ನಿಲ್ಲುವ ಹೆಂಗಸಲ್ಲ. ಮದುವೆಯಾದ ಹದಿನೇಳು ವರ್ಷಗಳಲ್ಲಿ ಆರು ಮನೆ ಬದಲಿಸಿದ್ದೇವೆ, ಅದರಲ್ಲಿ ಐದು ನನ್ನ ಒತ್ತಾಯಕ್ಕೆ. ಒಂದು ಕೆಲಸದಲ್ಲಿ ಎರಡು ವರ್ಷವಾದರೆ ಅಂಗಾಲು ತುರಿಸಲು ಶುರುವಾಗುತ್ತದೆ. ಗಂಡ ಸಮಾಧಾನದ ಮನುಷ್ಯ, ಪೆಟ್ಟಿಗೆ ಕಟ್ಟು ಎಂದರೆ ಕಟ್ಟುತ್ತಾನೆ. ಆ ವರ್ಷ ಮಾತ್ರ ನಾನು ಅವನಿಗೂ ಹೇಳದೆ ಒಂದು ಅರ್ಜಿ ಹಾಕಿದ್ದೆ. ಅಲಾಸ್ಕಾದ ಸಣ್ಣ ಊರೊಂದರ ಆಸ್ಪತ್ರೆಗೆ ಫಾರ್ಮಸಿಸ್ಟ್ ಬೇಕಾಗಿತ್ತು. ಆರು ತಿಂಗಳ ಕೆಲಸ, ಒಬ್ಬಳೇ ಹೋಗಬೇಕು.

ಅತ್ತೆಯ ಕಿರುಪುಸ್ತಕ ಅವರ ಪೂರ್ವಜನದು. ಹದಿನೆಂಟನೇ ಶತಮಾನದ ಆಂಗ್ಲಿಕನ್ ಪಾದ್ರಿ, ಎಂದರೆ ಇಂಗ್ಲೆಂಡಿನ ರಾಜನೇ ಮುಖ್ಯಸ್ಥನಾಗಿದ್ದ ಚರ್ಚಿನವನು. ಮನೆತನದಲ್ಲಿ ಅವನ ಕಥೆ ಎಲ್ಲರಿಗೂ ಬಾಯಿಪಾಠ. ಇಂಗ್ಲೆಂಡಿನಿಂದ ವರ್ಜೀನಿಯಾಕ್ಕೆ ಬಂದ, ಜನ ಮೆಚ್ಚಿದ ಪಾದ್ರಿಯಾದ, ರಾಜನ ವಿರುದ್ಧ ಸ್ವಾತಂತ್ರ್ಯದ ಯುದ್ಧ ಎದ್ದಾಗ ಚರ್ಚು ಕಳೆದುಕೊಂಡ, ನೆರವು ಕೇಳಲು ಇಂಗ್ಲೆಂಡಿಗೆ ಹೋಗಿ ಹೆಂಡತಿ ಮಕ್ಕಳ ಹತ್ತಿರ ವಾಪಸು ಬರುವಾಗ ಹಡಗು ಮುಳುಗಿ ಸತ್ತ. ನಾನು ಸೊಸೆಯಾಗಿ ಹೋದ ಮೊದಲ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲೇ ಈ ಕಥೆ ಕೇಳಿದ್ದೆ. ಈಗ, ಬರುವ ವಸಂತದಲ್ಲಿ ಬಳಗವೆಲ್ಲ ಆಸ್ಟಿನ್ ಹತ್ತಿರದ ಲಿಯಾಂಡರಿನಲ್ಲಿ, ನನ್ನ ನಾದಿನಿಯ ಮನೆಯಲ್ಲಿ ಸೇರುವುದೆಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ಮನೆತನದ ಪುಸ್ತಕವೊಂದನ್ನು ಅಚ್ಚು ಹಾಕಿಸಬೇಕೆಂದು ಅತ್ತೆಯ ಅಣ್ಣನ ಮಗ ಓಡಾಡುತ್ತಿದ್ದ. ಪಾದ್ರಿಯ ಅಧ್ಯಾಯ ಅತ್ತೆಯ ಪಾಲಿಗೆ ಬಂದಿತ್ತು.

ಹೀಗೆ ನಾನು ಹದಿನೈದು ದಿನಕ್ಕೊಮ್ಮೆ ಶನಿವಾರ ಬೆಳಿಗ್ಗೆ ಇರ್ವಿಂಗಿನಿಂದ ಹ್ಯೂಸ್ಟನ್ನಿಗೆ ನಾಲ್ಕು ತಾಸು ಡ್ರೈವ್ ಮಾಡತೊಡಗಿದೆ. ಅದು ತ್ಯಾಗವೇನಲ್ಲ. ಕಾರು ಓಡುವಾಗಲೇ ನನಗೆ ಉಸಿರು ಸರಾಗ. ವಾಪಸು ಬರುವಾಗ ಮನೆಯ ತಿರುವು ಬಿಟ್ಟು ಸುತ್ತಿನ ದಾರಿ ಹಿಡಿಯುತ್ತಿದ್ದೆ.

ಅಕ್ಷರ ಮೊದಲು ಸತಾಯಿಸಿತು. ಆಗಿನವರು ಎಸ್ ಬರೆದರೆ ಎಫ್ ಥರ ಕಾಣುತ್ತದೆ. ಕಾಗದ ಉಳಿಸಲು ಅಂಚಿನಲ್ಲೂ ಅಡ್ಡಡ್ಡ ಬರೆದಿದ್ದ. ಅವನ ಡಿ ಅಕ್ಷರಕ್ಕೆ ಒಂದು ವಿಚಿತ್ರ ಚಾಳಿಯಿತ್ತು, ಅದರ ಬಾಲ ಹಿಂದಕ್ಕೆ ಬಾಗಿ, ಬೆನ್ನ ಮೇಲೆ ಬಾಲ ಸುತ್ತಿಕೊಂಡ ನಾಯಿಯ ಹಾಗೆ ನಿಲ್ಲುತ್ತಿತ್ತು. ಯಾವ ಸಂಗತಿ ಬರೆದರೂ ಜೊತೆಗೆ ಅಂದಿನ ಹವೆ ಬರೆಯುತ್ತಿದ್ದ: ಗಾಳಿ ಮೂಡಣದ್ದು, ನೆಲ ಗಟ್ಟಿ, ಮಂಜು ಮಧ್ಯಾಹ್ನದವರೆಗೆ. ಮೂರು ಶನಿವಾರಗಳಲ್ಲಿ ಆ ಕೈ ನನಗೆ ಸೋದರಮಾವನ ಕೈಯಷ್ಟೇ ಪರಿಚಯವಾಯಿತು.

ಪುಸ್ತಕದ ಮೊದಲ ಪುಟಗಳಲ್ಲಿ ಅವನು ತನ್ನ ಹುಟ್ಟನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದ. ಪಶ್ಚಿಮ ಇಂಗ್ಲೆಂಡಿನ ಸಣ್ಣ ಪೇಟೆ, ಚರ್ಮದ ಕೈಗವಸು ಹೊಲಿಯುವ ತಂದೆ. ಹುಡುಗ ಜಾಣನೆಂದು ಊರ ಪಾದ್ರಿ ಅವನನ್ನು ಆಕ್ಸ್‌ಫರ್ಡಿಗೆ ಕಳಿಸಿದ. ಅಲ್ಲಿ ಶ್ರೀಮಂತರ ಮಕ್ಕಳಿಗೆ ಊಟ ಬಡಿಸಿ, ಅವರು ಎದ್ದ ಮೇಲೆ ಉಂಡು ಓದಿದ. ಪಾದ್ರಿಯ ದೀಕ್ಷೆಯೇನೋ ಸಿಕ್ಕಿತು, ಸ್ವಂತ ಚರ್ಚು ಸಿಗಲಿಲ್ಲ. ಆಗ ಚರ್ಚಿನ ಸ್ಥಾನ ಕೊಡಿಸಲು ಜಮೀನ್ದಾರರ ಕೃಪೆ ಬೇಕಾಗಿತ್ತು. ಕೈಗವಸಿನವನ ಮಗನಿಗೆ ಯಾರ ಪರಿಚಯ? ಒಂಬತ್ತು ವರ್ಷ ಅವನು ಕ್ಯುರೇಟನಾಗಿ, ಎಂದರೆ ಬೇರೆಲ್ಲೋ ಸುಖವಾಗಿದ್ದ ಅಸಲು ಪಾದ್ರಿಯ ಬದಲಿಗೆ ದುಡಿಯುವವನಾಗಿ, ಮೂರು ಹಳ್ಳಿ ತಿರುಗಿದ. ಭಾನುವಾರ ಬೆಳಿಗ್ಗೆ ಒಂದು ಊರಿನಲ್ಲಿ ಪ್ರಾರ್ಥನೆ, ಮಧ್ಯಾಹ್ನ ಕುಂಟುವ ಕುದುರೆ ಹತ್ತಿ ಇನ್ನೊಂದು ಊರು. ಒಂದು ಕಡೆ ಅವನು ಬರೆದಿದ್ದ, ಇಲ್ಲಿ ನಾನು ಯಾರ ಜಾಗದಲ್ಲಿ ನಿಂತಿದ್ದೇನೋ ಅವರು ಈ ಹಳ್ಳಿಯ ದಾರಿಯನ್ನೂ ಅರಿಯರು ಎಂದು.

"ಪಾಪ, ಬಾಡಿಗಿ ಪಾದ್ರಿ," ಎಂದರು ಅತ್ತೆ. "ಮುಂದ?"

ಮುಂದೆ ವರ್ಜೀನಿಯಾ. ಅಲ್ಲಿ ಪಾದ್ರಿಗಳಿಗೆ ಕೊರತೆ. ಲಂಡನ್ನಿನ ಬಿಷಪ್ಪನ ಅಪ್ಪಣೆ ಪಡೆದು ಹಡಗು ಹತ್ತಿದ. ಹಡಗಿನ ದಿನಗಳನ್ನು ಬರೆದಷ್ಟು ಉತ್ಸಾಹದಿಂದ ಅವನು ಬೇರೇನನ್ನೂ ಬರೆದಿಲ್ಲ. ಎಲ್ಲರೂ ವಾಂತಿ ಮಾಡಿಕೊಂಡು ಮಲಗಿರುವಾಗ ಇವನು ಮೇಲೆ ನಿಂತು ಗಾಳಿಯ ದಿಕ್ಕು ಬರೆದುಕೊಳ್ಳುತ್ತಿದ್ದ. ಅದನ್ನು ಓದುವಾಗ ನನಗೆ ನಗು ಬಂತು. ಈ ಮನುಷ್ಯ ನನ್ನ ಜಾತಿಯವನು ಅನ್ನಿಸಿತು.

ವರ್ಜೀನಿಯಾದಲ್ಲಿ ಅವನಿಗೆ ಒಂದು ದೊಡ್ಡ ಚರ್ಚು, ಕಾಡಿನಲ್ಲಿ ಎರಡು ಚಿಕ್ಕ ಪ್ರಾರ್ಥನಾಗೃಹ, ನಡುವೆ ದೋಣಿಯಲ್ಲಿ ದಾಟಬೇಕಾದ ಹೊಳೆ. ಚರ್ಚಿನಿಂದ ಉಂಬಳಿಯಾಗಿ ಮನೆ, ಹೊಲ. ತಂಬಾಕಿನ ತೋಟದ ಯಜಮಾನನೊಬ್ಬನ ಮಗಳನ್ನು ಮದುವೆಯಾದ. ನಾಲ್ಕು ಮಕ್ಕಳಾದವು. ಮಾವನೇ ಊರ ಹಿರಿಯರ ಸಮಿತಿಯ ಮುಖಂಡ, ಪಾದ್ರಿಯನ್ನು ಇಟ್ಟುಕೊಳ್ಳುವುದೂ ಬಿಡುವುದೂ ಆ ಸಮಿತಿಯ ಕೈಯಲ್ಲಿ. ಉಪದೇಶ ಉದ್ದವಾಯಿತೆಂದು ಒಮ್ಮೆ ಜಗಳ, ಚಾವಣಿ ಸೋರುತ್ತದೆಂದು ಇವನು ಬರೆದ ಪತ್ರಕ್ಕೆ ಒಮ್ಮೆ ಜಗಳ. ಜನ ಚರ್ಚಿನ ಹೊರಗೆ ನಿಂತು ಕುದುರೆ ವ್ಯಾಪಾರ ಮುಗಿಸಿ, ಅರ್ಧ ಪ್ರಾರ್ಥನೆ ಕಳೆದ ಮೇಲೆ ಒಳಗೆ ಬರುತ್ತಿದ್ದರು.

ಬೇಸಿಗೆಯ ಒಂದು ಶನಿವಾರ ಓದುತ್ತಿದ್ದವಳು ಒಂದು ಪುಟದಲ್ಲಿ ನಿಂತುಬಿಟ್ಟೆ. ಉಂಬಳಿಯ ಮನೆಯಲ್ಲಿ ಏನೇನಿದೆ ಎಂದು ಅವನು ಪಟ್ಟಿ ಮಾಡಿದ್ದ. ಎರಡು ಕುದುರೆ. ಕರುವಿರುವ ಹಸು. ಅದರ ಕೆಳಗಿನ ಸಾಲಿನಲ್ಲಿ ಒಬ್ಬ ಗುಲಾಮ ಹೆಂಗಸು, ಅವಳ ಇಬ್ಬರು ಮಕ್ಕಳು. ಅದರ ಕೆಳಗೆ ನೇಗಿಲು.

"ಯಾಕ ನಿಂತಿ?"

"ಇದನ್ನ ಬಿಟ್ಟು ಮುಂದ ಓದ್ಲೇನ್ರಿ ಅತ್ತಿ?"

"ಏನು ಬರದಾನ?"

ಓದಿದೆ. ಅತ್ತೆ ಮೇಜಿನ ಮೇಲಿದ್ದ ಕೈಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ನಲವತ್ತು ಪುಟ ಹಿಂದೆ ಅವನು ಅದೇ ಹೆಂಗಸಿನ ಅದೇ ಇಬ್ಬರು ಮಕ್ಕಳಿಗೆ, ತನ್ನ ಹಿರಿಮಗಳಿಗೆ ಮಾಡಿದ ದಿನವೇ ದೀಕ್ಷಾಸ್ನಾನ ಮಾಡಿಸಿದ್ದ. ತಾಯಿ ಮಕ್ಕಳ ಹೆಸರುಗಳನ್ನೂ ಹವೆಯನ್ನೂ ಬರೆದಿದ್ದ, ನಿರ್ಮಲ ಆಕಾಶ ಎಂದು. ಈಗಿನ ಪಟ್ಟಿಯಲ್ಲಿ ಹೆಸರುಗಳಿರಲಿಲ್ಲ.

"ಹೆಸರು ಹಿಂದಿನ ಪುಟದಾಗ ಅದಾವಲ್ಲ?" ಅಂದರು ಅತ್ತೆ. "ಅವನ್ನ ಬರಕೋ. ನಮ್ಮ ಹೆಸರು ಬರಿಯೂ ಪುಸ್ತಕದಾಗ ಅವರ ಹೆಸರೂ ಇರಬೇಕು. ನಮ್ಮಣ್ಣನ ಮಗ ಏನರ ಅಂದ್ರ ನಾ ಮಾತಾಡ್ತೀನಿ."

ಅಲ್ಲಿಂದ ಮುಂದೆ ನಾವು ಅವನನ್ನು "ಪಾಪ" ಅನ್ನುವುದನ್ನು ಬಿಟ್ಟೆವು. ಓದುವುದನ್ನು ಬಿಡಲಿಲ್ಲ.

ಕೊನೆಯ ವರ್ಷಗಳ ಪುಟಗಳಲ್ಲಿ ಅಕ್ಷರ ಓಡುತ್ತದೆ. ಕಾಡಿನ ಅಂಚಿನಲ್ಲಿ, ಇವನ ಚರ್ಚಿಗೆ ಸೇರದ ಬೋಧಕರು ಮರದ ಕೆಳಗೆ ನಿಂತು ಉಪದೇಶ ಮಾಡಲು ಶುರು ಮಾಡಿದ್ದರು. ಇವನ ಬೆಂಚುಗಳು ಖಾಲಿ, ಅಲ್ಲಿ ಜನಜಾತ್ರೆ. ಸಮಿತಿಯವರು ಅವರನ್ನು ಜೈಲಿಗೆ ಹಾಕಿಸಬೇಕೆಂದಾಗ ಇವನು ಸಹಿ ಮಾಡಿದ. ಆದರೆ ಅದಕ್ಕೆ ಮುಂಚೆ ಒಂದು ದಿನ ಕರಿ ನಿಲುವಂಗಿ ಬಿಚ್ಚಿಟ್ಟು, ಸಾಮಾನ್ಯನ ಕೋಟು ತೊಟ್ಟು, ಜನರ ಹಿಂದೆ ನಿಂತು ಕೇಳಿ ಬಂದಿದ್ದ. ಆ ಬೋಧಕ ಕಾಗದವಿಲ್ಲದೆ ಮಾತಾಡಿದ, ಮಾತಾಡುತ್ತ ಅತ್ತ, ನಾನು ಹದಿನಾರು ವರ್ಷ ಉಪದೇಶ ಮಾಡಿ ಒಮ್ಮೆಯೂ ಅತ್ತಿಲ್ಲ ಎಂದು ಬರೆದುಕೊಂಡಿದ್ದ. ಮರುದಿನವೇ ಸಹಿ.

ಆಮೇಲೆ ಯುದ್ಧ. ಪ್ರಾರ್ಥನಾ ಪುಸ್ತಕದಲ್ಲಿ ರಾಜನ ಕ್ಷೇಮಕ್ಕೆಂದು ಒಂದು ಪ್ರಾರ್ಥನೆಯಿತ್ತು. ಅದನ್ನು ಓದುತ್ತೇನೆಂದು ಅವನು ದೀಕ್ಷೆಯ ದಿನ ಪ್ರಮಾಣ ಮಾಡಿದ್ದ. ಓದಕೂಡದೆಂದು ಈಗ ಊರಿನವರ ಆಜ್ಞೆ, ಮಾವನೂ ಅವರ ಜೊತೆಗೆ. ಒಂದು ಭಾನುವಾರ ಬಿಟ್ಟ. ಮರುವಾರ ತುಟಿಯಲ್ಲೇ ಓದಿಕೊಂಡ. ಮೂರನೆಯ ವಾರ ಆ ಜಾಗಕ್ಕೆ ಬಂದು ನಿಂತುಬಿಟ್ಟ, ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಜನ ಕಾದರು. ಪುಸ್ತಕ ಮುಚ್ಚಿ ಕೆಳಗಿಳಿದು ಮನೆಗೆ ನಡೆದ. ಮುಂದಿನ ಭಾನುವಾರ ಚರ್ಚಿನ ಬಾಗಿಲಿಗೆ ಹಲಗೆ ಹೊಡೆದಿದ್ದರು. ಹೆಂಡತಿ ತವರಿನ ನೆಲ ಬಿಟ್ಟು ಬರಲು ಒಪ್ಪಲಿಲ್ಲ. ವರ್ಷದೊಳಗೆ ಬರುತ್ತೇನೆ ಎಂದು ಹೇಳಿ ಅವನೊಬ್ಬನೇ ಹಡಗು ಹತ್ತಿದ. ಕಿರುಪುಸ್ತಕವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರಿಂದ ಅಲ್ಲಿಗೆ ಮುಗಿಯುತ್ತದೆ. ಮನೆತನದ ದೊಡ್ಡ ಬೈಬಲ್ಲಿನಲ್ಲಿ ಅವನ ಹೆಸರಿನ ಮುಂದೆ ಹೆಂಡತಿಯ ಕೈಯಲ್ಲಿ ಒಂದು ಇಸವಿ, ಎರಡೇ ಮಾತಿದೆ: ಕಡಲಲ್ಲಿ ಮುಳುಗಿದರು.

ಅತ್ತೆಗೆ ಅಷ್ಟು ಸಾಕಾಗಿತ್ತು. ನನಗೆ ಸಾಕಾಗಲಿಲ್ಲ. ಮುಳುಗಿದ ಹಡಗು ಯಾವುದು, ಯಾವ ತಿಂಗಳು ಎಂದು ಹುಡುಕತೊಡಗಿದೆ. ಇರ್ವಿಂಗಿನ ಲಾಸ್ ಕೊಲಿನಾಸ್ ಬಡಾವಣೆಯಲ್ಲಿ, ನನ್ನ ಕೆಲಸದ ಕಟ್ಟಡದ ಪಕ್ಕದ ಕಾಲುವೆಯ ದಂಡೆಯ ಬೆಂಚಿನ ಮೇಲೆ ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಫೋನಿನಲ್ಲಿ ಹಳೆಯ ದಾಖಲೆ ನೋಡುವುದೇ ಚಟವಾಯಿತು. ಇಂಗ್ಲೆಂಡಿನ ಪಾದ್ರಿಗಳ ಪಟ್ಟಿಯಲ್ಲಿ ಅದೇ ಹೆಸರಿನ ಇನ್ನೊಬ್ಬನಿದ್ದ, ಪೂರ್ವದ ಜೌಗು ಸೀಮೆಯ ಹಳ್ಳಿಯಲ್ಲಿ ಕ್ಯುರೇಟ್. ಅವನು ಬೇರೆಯವನು, ನಮ್ಮವನು ಆಗಲೇ ಸತ್ತಿದ್ದ ಎಂದು ಅತ್ತೆಯ ಅಣ್ಣನ ಮಗ ಟಿಪ್ಪಣಿ ಬರೆದಿದ್ದ. ಆ ಹಳ್ಳಿಯ ಶವಸಂಸ್ಕಾರದ ರಿಜಿಸ್ಟರಿನ ಚಿತ್ರಗಳು ಸಿಕ್ಕವು. ಸುಮ್ಮನೆ ತೆರೆದೆ.

ಮೊದಲ ಸಾಲಿನಲ್ಲೇ ಡಿ ಅಕ್ಷರ, ಬೆನ್ನ ಮೇಲೆ ಬಾಲ ಸುತ್ತಿಕೊಂಡು ನಿಂತಿತ್ತು. ಪಕ್ಕದಲ್ಲಿ ಒಂದು ಮಗುವಿನ ಹೆಸರು, ಮೂರು ವರ್ಷ. ಅದರ ಮುಂದೆ, ಯಾವ ರಿಜಿಸ್ಟರಿನಲ್ಲೂ ಯಾರೂ ಬರೆಯದ ಮಾತು: ನೆಲ ಗಟ್ಟಿ, ಗಾಳಿ ಮೂಡಣದ್ದು.

ಚಮಚ ಪಕ್ಕಕ್ಕಿಟ್ಟೆ. ಪುಟ ತಿರುಗಿಸುತ್ತ ಹೋದೆ. ಅವನು ಮುಳುಗಿದನೆಂದು ಹೆಂಡತಿ ಬರೆದ ಮೇಲೆ ಹತ್ತೊಂಬತ್ತು ವರ್ಷ ಆ ಕೈ ಆ ಹಳ್ಳಿಯ ಹೆಣಗಳನ್ನು ಬರೆದಿದೆ. ಆಮೇಲೆ ಬೇರೆ ಕೈ. ಆ ಕೈಯ ಮೊದಲ ನಮೂದು ಇವನದೇ ಸಾವು, ಹವೆಯಿಲ್ಲದೆ.

ಇನ್ನೂ ಒಂದು ಸಿಕ್ಕಿತು. ಆ ಸೀಮೆಯ ದಾಖಲೆಗಳ ಕಚೇರಿಗೆ ಬರೆದು ಕೇಳಿದಾಗ ಒಂದು ಅರ್ಜಿಯ ನಕಲು ಕಳಿಸಿದರು. ಇಂಗ್ಲೆಂಡಿಗೆ ಹೋದ ಎರಡನೆಯ ವರ್ಷ ಅವನು ಆ ಹಳ್ಳಿಯ ಕೆಲಸ ಕೇಳಿ ಬಿಷಪ್ಪನಿಗೆ ಬರೆದದ್ದು. ಚಿಕ್ಕ ಮನೆಯಾದರೂ ಸಾಕು, ನಾನು ಒಂಟಿ, ನನಗೆ ಸಂಸಾರವಿಲ್ಲ ಎಂದಿತ್ತು ಅದರಲ್ಲಿ.

ಆ ವಾರ ಅಲಾಸ್ಕಾದಿಂದ ಮೇಲ್ ಬಂತು. ಕೆಲಸ ನನಗೇ ಎಂದು.

ಇರ್ವಿಂಗಿನಲ್ಲಿ ನನಗೊಬ್ಬ ವಿಜಯಪುರದ ಗೆಳತಿಯಿದ್ದಾಳೆ. ಭಾನುವಾರ ದಿನಸಿ ತರಲು ಇಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತೇವೆ. ಅಂಗಡಿಯ ಪಾರ್ಕಿಂಗಿನಲ್ಲಿ ಅವಳಿಗೆ ಎರಡನ್ನೂ ಹೇಳಿದೆ, ಪಾದ್ರಿಯದನ್ನೂ ಅಲಾಸ್ಕಾದ್ದನ್ನೂ.

"ಅವರ ಮನಿ ಹಿರೇರ ಚಿಂತಿ ನಿನಗ್ಯಾಕ ಬೇಕಾಗಿತ್ತು?" ಎಂದಳು. ಮೆಂತ್ಯದ ಕಟ್ಟುಗಳನ್ನು ಡಿಕ್ಕಿಯಲ್ಲಿಡುತ್ತ ತಿರುಗಿ ನೋಡಿದಳು. "ಅದು ಇರಲಿ. ಅಲಾಸ್ಕಾದ್ದು ನಿನ್ನ ಗಂಡಗ ಗೊತ್ತೈತಿಲ್ಲೋ?"

"ಇಲ್ಲ."

"ಮತ್ತ ಆ ಪಾದ್ರಿಗೆ ಏನ್ ಅನ್ನಾಕ ಹೊಂಟಿ ನೀ?"

ನನಗೆ ಸಿಟ್ಟು ಬಂತು. ನನ್ನನ್ನು ಕಾಡಿದ್ದೇ ಅದು. ಆ ಅರ್ಜಿ ಓದಿದಾಗ ಹೆಂಡತಿಯ ಪರವಾಗಿ ನನ್ನ ರಕ್ತ ಕುದಿಯಬೇಕಾಗಿತ್ತು. ಕುದಿಯಿತು ಕೂಡ. ಆದರೆ ಅದಕ್ಕೂ ಮೊದಲು, ಒಂದು ಗಳಿಗೆ, ಒಂದೇ ಗಳಿಗೆ, ನನಗೆ ಆ ಸಾಲಿನ ಹಗುರ ಗೊತ್ತಾಗಿತ್ತು. ನಾನು ಒಂಟಿ, ನನಗೆ ಸಂಸಾರವಿಲ್ಲ. ಬರೆದವನ ಭುಜದಿಂದ ಏನು ಇಳಿದಿರಬಹುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಷ್ಟರಲ್ಲಿ ಅತ್ತೆಯ ಕಣ್ಣು ಇನ್ನೂ ಮಂದವಾಗಿ, ಅವರು ಹ್ಯೂಸ್ಟನ್ನಿನ ಮನೆ ಬಿಟ್ಟು ಲಿಯಾಂಡರಿನ ಮಗಳ ಮನೆಗೆ ಶಿಫ್ಟ್ ಆಗಿದ್ದರು. ಹೇಳಬೇಕೋ ಬೇಡವೋ ಎಂದು ಎರಡು ಶನಿವಾರ ನೆಪ ಹೇಳಿ ತಪ್ಪಿಸಿಕೊಂಡೆ. ಮೂರನೆಯ ಶನಿವಾರ ಗಂಡ, ಮಗಳು, ನಾನು ಮೂವರೂ ಹೋದೆವು. ಹದಿನೈದು ವರ್ಷದ ಮಗಳಿಗೆ ದಾರಿಯಲ್ಲಿ ವಿಷಯ ಹೇಳಿದ್ದೆ. ಅವಳು ನನ್ನ ಕನ್ನಡವನ್ನು ಪೂರ್ತಿ ಕೇಳಿಸಿಕೊಂಡು, "ಸೋ ಹೀ ಜಸ್ಟ್ ಲೆಫ್ಟ್?" ಎಂದಷ್ಟೇ ಕೇಳಿ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಮಧ್ಯಾಹ್ನ ಗಂಡ, ನಾದಿನಿ ಹೊರಗೆ ಬೇಲಿ ರಿಪೇರಿ ಮಾಡುತ್ತಿದ್ದರು. ಅತ್ತೆಯ ಕೋಣೆಯಲ್ಲಿ ಕೂತು ಎಲ್ಲ ಹೇಳಿದೆ, ಡಿ ಅಕ್ಷರ, ಮಗುವಿನ ಹೆಣ, ಹತ್ತೊಂಬತ್ತು ವರ್ಷ, ಅರ್ಜಿ. ಅತ್ತೆ ನನ್ನ ಕಿವಿಯ ಕಡೆ ನೋಡುತ್ತ ಕೇಳಿದರು. ಅಳುತ್ತಾರೆಂದುಕೊಂಡಿದ್ದೆ. ಅಳಲಿಲ್ಲ.

"ಅಕಿಗೆ ಗೊತ್ತಿತ್ತು," ಎಂದರು.

"ಯಾರಿಗ್ರಿ?"

"ಅವನ ಹೇಣ್ತಿಗೆ. ಗಂಡ ಖರೇನ ಮುಳುಗಿದ್ರ ಹಡಗದ ಹೆಸರು ಬರೀತಿದ್ಲು. ಮುಳುಗಿದ ದಿನಾನೂ ಬರೀತಿದ್ಲು. ಅಕಿ ಹಂಗ ಬರದದ್ದು ಮಕ್ಕಳ ಸಲುವಾಗಿ."

"ನಿಮಗ ಹೆಂಗ ಗೊತ್ರಿ?"

ಅತ್ತೆ ಎದ್ದು ಬಾಗಿಲು ಮುಚ್ಚಿ ಬಂದು ಕೂತರು. "ನಾನೂ ಹಂಗ ಮಾಡೀನಿ," ಎಂದರು.

ನನ್ನ ಮಾವನನ್ನು ನಾನು ನೋಡಿದ್ದಿಲ್ಲ. ಮೆಕ್ಸಿಕೋ ಕೊಲ್ಲಿಯ ಸಮುದ್ರದ ನಡುವೆ ಎಣ್ಣೆ ತೆಗೆಯುವ ರಿಗ್ಗಿನಲ್ಲಿ ಕೆಲಸ ಮಾಡುತ್ತಿದ್ದರು, ಮಕ್ಕಳು ಚಿಕ್ಕವರಿದ್ದಾಗಲೇ ತೀರಿಕೊಂಡರು ಎಂದಷ್ಟೇ ನನಗೆ ಹೇಳಿದ್ದರು. ರಿಗ್ಗಿನ ಕೆಲಸ ನಿಜ, ಎರಡು ವರ್ಷದ ಮಟ್ಟಿಗೆ. ಅದಾದ ಮೇಲೆ ಮಾವ ಓಕ್ಲಹೋಮಾದ ಸಣ್ಣ ಊರಿಗೆ ಹೋಗಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದರು. ಮಗನಿಗೆ ಆಗ ಆರು ವರ್ಷ, ಮಗಳಿಗೆ ನಾಲ್ಕು. ಅಪ್ಪ ಎಲ್ಲಿ ಎಂದಾಗಲೆಲ್ಲ ಅತ್ತೆ ಸಮುದ್ರದಲ್ಲಿದ್ದಾನೆ ಎಂದರು. ಮೂರು ವರ್ಷ ಹೀಗೇ ಹೇಳಿ, ಆಮೇಲೆ ಸತ್ತ ಎಂದರು. ಮಾವ ನಿಜಕ್ಕೂ ಸತ್ತದ್ದು ನಾವು ಮದುವೆಯಾಗುವ ಹಿಂದಿನ ವರ್ಷ.

"ಸುಳ್ಳ ಹೇಳೂದು ಸುಲಭ ಇತ್ತು, ಅದನ್ನ ದಿನಾ ಸಾಕೂದು ತ್ರಾಸ ಆತು," ಎಂದರು ಅತ್ತೆ. "ಪ್ರತಿ ವರ್ಷ ಆ ಪಾದ್ರಿ ಮುಳುಗಿದ ಕಥಿ ನಾನ ಹೇಳ್ತಿದ್ನೆಲ್ಲ, ಹೇಳುಮುಂದ ಮಕ್ಕಳ ಮಾರಿ ನೋಡತಿದ್ದಿಲ್ಲ. ನೀ ಈಗ ಅಂವ ಮುಳುಗಿಲ್ಲ ಅಂದಿ. ನನಗ ಹಗುರ ಆತು ನೋಡು."

"ಮಗಗ ಹೇಳ್ತೀರೇನ್ರಿ?"

"ಮೊದಲ ಪಾದ್ರಿದು ಹೇಳೂಣು," ಎಂದರು.

ವಾಪಸು ಬರುವಾಗ ಗಂಡ ಡ್ರೈವ್ ಮಾಡುತ್ತಿದ್ದ, ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಅತ್ತೆಯ ಗುಟ್ಟು ನನ್ನದಲ್ಲ, ಅದನ್ನು ಆಡಲಿಲ್ಲ. ಆದರೆ ಗೆಳತಿಯ ಮಾತು ನನ್ನನ್ನು ಬಿಡಲಿಲ್ಲ. ನಡುದಾರಿಯ ವೇಕೋ ಊರು ದಾಟಿದ ಮೇಲೆ ಅಲಾಸ್ಕಾದ್ದನ್ನು ಹೇಳಿಬಿಟ್ಟೆ. ಅರ್ಜಿ ಹಾಕಿದ್ದು, ಮುಚ್ಚಿಟ್ಟದ್ದು, ಕೆಲಸ ಸಿಕ್ಕಿದ್ದು.

ಅವನು ಕಾರಿನ ವೇಗ ತಗ್ಗಿಸಿದ. ಆಮೇಲೆ ಕೇಳಿದ: "ಕೆಲಸಕ್ಕೋಸ್ಕರ ಹೊಂಟೀಯೋ, ನನ್ನ ಬಿಟ್ಟು ಹೊಂಟೀಯೋ?"

"ಗೊತ್ತಿಲ್ಲ. ಒಂದ ಕಡೆ ಇದ್ರ ನನಗ ಉಸಿರು ಕಟ್ಟತೈತಿ. ನಿನ್ನಿಂದ ಅಲ್ಲ."

"ಮುಚ್ಚಿಟ್ಟಿದ್ದು ಯಾಕ?"

"ನೀ ಬ್ಯಾಡ ಅನ್ನಲಿ ಅಂತ ಇದ್ದಿಲ್ಲ, ಹೂಂ ಅನ್ನಲಿ ಅಂತನೂ ಇದ್ದಿಲ್ಲ. ಕೇಳೂದ ಬ್ಯಾಡಾಗಿತ್ತು."

"ಅದು ಭಾಳ ಕೆಟ್ಟ ಅನಸ್ತು," ಎಂದ. ಅವನು ಹಾಗೆ ಅನ್ನುವುದು ಅಪರೂಪ. ನಾಲ್ಕು ದಿನ ಮನೆಯಲ್ಲಿ ಬರೀ ಕೆಲಸದ ಮಾತು. ಐದನೆಯ ದಿನ ಬೆಳಿಗ್ಗೆ ಚಹಾ ಮಾಡಿ ನನ್ನ ಮುಂದಿಟ್ಟು ಹೇಳಿದ: "ಹೋಗು. ಆದ್ರ ನನಗೂ ಮಗಳಿಗೂ ವಿಳಾಸ ಗೊತ್ತಿರಬೇಕು, ಬರೂ ದಿನ ಗೊತ್ತಿರಬೇಕು."

ವಸಂತದಲ್ಲಿ ಲಿಯಾಂಡರಿನ ಹಿತ್ತಲಲ್ಲಿ ಬಳಗ ಸೇರಿತು. ಊಟದ ನಂತರ ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಧ್ಯಾಯ ಓದಿಸಿದರು. ಊಟ ಬಡಿಸಿ ಓದಿದ್ದು, ಮರದ ಕೆಳಗಿನ ಬೋಧಕ, ಪಟ್ಟಿಯಲ್ಲಿದ್ದ ಹೆಂಗಸು ಮತ್ತು ಅವಳ ಮಕ್ಕಳ ಹೆಸರು, ಮುಚ್ಚಿದ ಪ್ರಾರ್ಥನಾ ಪುಸ್ತಕ, ಆಮೇಲೆ ಅರ್ಜಿ. ನಾನು "ಸಂಸಾರವಿಲ್ಲ" ಎಂದು ಓದಿದಾಗ ಯಾರೋ ತಟ್ಟೆ ಕೆಳಗಿಟ್ಟರು. ಅತ್ತೆಯ ಅಣ್ಣನ ಮಗ ಎದ್ದು ನಿಂತ.

"ಬರೀ ಒಂದು ಅಕ್ಷರದ ಬಾಲ ನೋಡಿ ಹೆಂಗ ಹೇಳ್ತೀರಿ? ನಮ್ಮಜ್ಜ ನಮಗ ಹೇಳಿದ್ದು ಸುಳ್ಳೇನು?"

"ನಿಮ್ಮಜ್ಜ ಸುಳ್ಳ ಹೇಳಿಲ್ಲ," ಎಂದರು ಅತ್ತೆ. "ಅವರಿಗೆ ಹೇಳಿದವರು ಹೇಳಿದ್ರು. ಪಾದ್ರಿ ಹೇಣ್ತಿಗೆ ಬ್ಯಾರೆ ದಾರಿ ಇದ್ದಿಲ್ಲ. ಆದ್ರ ಈಗ ನಮಗ ಗೊತ್ತಾಗೈತಿ."

ಅವನು ಒಪ್ಪಲಿಲ್ಲ. ಪುಸ್ತಕದಲ್ಲಿ ಕೊನೆಗೆ ಎರಡೂ ಅಚ್ಚಾದವು, ಅವನ ವಂಶವೃಕ್ಷದಲ್ಲಿ ಮುಳುಗಿದ ಪಾದ್ರಿ, ಅತ್ತೆಯ ಅಧ್ಯಾಯದಲ್ಲಿ ಮುಳುಗದವನು. ಆ ಮೂವರ ಹೆಸರು ಹಾಕುವುದಕ್ಕೆ ಮಾತ್ರ ಅವನು ಅಡ್ಡ ಬರಲಿಲ್ಲ.

ಬಂದವರೆಲ್ಲ ಹೋದ ಮೇಲೆ, ಇನ್ನೂ ಬಿಸಿಲಿರುವಾಗಲೇ, ನನ್ನ ಗಂಡ ಗ್ರಿಲ್ಲಿನ ಜಾಲರಿ ತಿಕ್ಕುತ್ತಿದ್ದ. ಅತ್ತೆ ಗೋಡೆ ಹಿಡಿದು ಹೊರಗೆ ಬಂದು ಅವನ ಹತ್ತಿರ ಕುರ್ಚಿಯಲ್ಲಿ ಕೂತರು. ಮಾತು ಶುರು ಮಾಡುವ ಮೊದಲೇ ಅವನು ತಲೆ ಎತ್ತದೆ ಕೇಳಿದ.

"ಅಪ್ಪ ಯಾವ ಊರಾಗ ಇದ್ದ, ಅಮ್ಮಾ?"

ಅವನಿಗೆ ಎಂಟು ವರ್ಷವಿದ್ದಾಗಲೇ ಗೊತ್ತಾಗಿತ್ತಂತೆ. ಫೋನಿನಲ್ಲಿ ಅಮ್ಮ ಜಗಳವಾಡಿದ್ದನ್ನು ಬಾಗಿಲ ಹಿಂದಿನಿಂದ ಕೇಳಿದ್ದನಂತೆ. ಅಮ್ಮನಿಗೆ ನೋವಾಗುತ್ತದೆಂದು ಕೇಳಲಿಲ್ಲ. ಅತ್ತೆ ಊರಿನ ಹೆಸರು ಹೇಳಿದರು. ಪ್ರತಿ ವರ್ಷ ಇಬ್ಬರೂ ಮಕ್ಕಳ ಶಾಲೆಯ ಫೋಟೋ ಆ ವಿಳಾಸಕ್ಕೆ ಕಳಿಸುತ್ತಿದ್ದೆ, ಒಂದಕ್ಕೂ ಉತ್ತರ ಬರಲಿಲ್ಲ, ಒಂದೂ ವಾಪಸು ಬರಲಿಲ್ಲ ಎಂದರು. ಅವನು ಜಾಲರಿ ತಿಕ್ಕುತ್ತಲೇ ಇದ್ದ. ಅದು ಆಗಲೇ ಹೊಳೆಯುತ್ತಿತ್ತು.

ನಾನು ಅಲಾಸ್ಕಾಕ್ಕೆ ಹೋದೆ. ಮೊದಲ ತಿಂಗಳು ಹಕ್ಕಿಯ ಹಾಗಿದ್ದೆ. ಮೂರನೆಯ ತಿಂಗಳಿಗೆ ಅಲ್ಲಿಯೂ ಅಂಗಾಲು ತುರಿಸತೊಡಗಿದಾಗ, ಇದು ಊರಿನ ತಪ್ಪಲ್ಲ ಎಂದು ಗೊತ್ತಾಯಿತು. ಹಾಗೆಂದು ರೋಗ ವಾಸಿಯಾಯಿತು ಎಂದಲ್ಲ. ಆರು ತಿಂಗಳು ಮುಗಿಯುವುದಕ್ಕೆ ಒಂದು ದಿನ ಮುಂಚೆ ವಾಪಸು ಬಂದೆ. ವಿಮಾನ ನಿಲ್ದಾಣದಲ್ಲಿ ಗಂಡ ನಿಂತಿದ್ದ, ಮಗಳು ಅವನಿಗಿಂತ ಒಂದು ಬೆರಳು ಎತ್ತರವಾಗಿದ್ದಳು.

ಅದಾಗಿ ಎರಡು ವಾರಕ್ಕೆ ಗಂಡ, ನಮ್ಮಲ್ಲಿಗೆ ಬಂದಿದ್ದ ಅತ್ತೆ, ನಾನು ಇರ್ವಿಂಗಿನಿಂದ ಉತ್ತರಕ್ಕೆ ಹೊರಟೆವು. ಗಡಿಯ ಹೊಳೆ ದಾಟಿದರೆ ಓಕ್ಲಹೋಮಾ. ಎರಡೂವರೆ ತಾಸಿಗೆಲ್ಲ ಆ ಊರು ಬಂದೇಬಿಟ್ಟಿತು. ಮಾವನಿದ್ದ ಮನೆ ಕೆಡವಿ ಟೈರಿನ ಅಂಗಡಿ ಮಾಡಿದ್ದರು. ಗಂಡ ಇಳಿದು ಹೋಗಿ ಅಂಗಡಿಯವನ ಜೊತೆ ಏನೋ ಮಾತಾಡುತ್ತ ನಿಂತ. ಅತ್ತೆ ಕಾರಿನಲ್ಲೇ ಕೂತು, ಮುಖ ಬೇರೆ ಕಡೆ ತಿರುಗಿಸಿ, ಕಣ್ಣಂಚಿನಲ್ಲಿ ಆ ಜಾಗವನ್ನು ನೋಡಿದರು.

"ಇಷ್ಟ ಹತ್ರ ಇತ್ತೇನು?" ಎಂದರು. "ನಾ ಇದನ್ನ ಎಷ್ಟ ದೂರ ಮಾಡಿ ಇಟ್ಟಿದ್ದೆ."

ಆಮೇಲೆ ಹಸಿವೆಯಾಗುತ್ತಿದೆ ಎಂದರು. ಗಂಡ ಬಂದು ಕಾರು ಸ್ಟಾರ್ಟ್ ಮಾಡಿದ, ಊಟಕ್ಕೆ ಎಲ್ಲಿ ನಿಲ್ಲಿಸೋಣ ಎಂದು ಮೂವರೂ ಚರ್ಚೆ ಮಾಡುತ್ತ ಹೊರಟೆವು.